ಗುರುವಾರದ ಕಾಟಾ

ಗುರುವಾರ ನಮ್ಮ ಕಡಿ ಕರೆಂಟ್ ಇರೂದಿಲ್ಲ,
ಗಿರಣಿ ಬಂದ್.
ಪಟ್ಟಾ ಇಳಿಸಿ ಬಾಗಿಲಾಗ ಕುಂತಿದ್ದೆ.
ಆಶಾ ಕೆಲಸದ ಉಜ್ವಲಾ ಬಂದು ಕೇಳಿದಳು:
"ಮಾವಶಿ, ನಿಮ್ಮ ಕಾಟಾ ಖರೇ ಹೇಳ್ತದ?"

ಇಪ್ಪತ್ತೆರಡು ವರ್ಷದಾಗ ಯಾರೂ ಹಂಗ ಕೇಳಿದ್ದಿಲ್ಲ.
ಬ್ಯಾರೆಯವರು ಕೇಳಿದ್ದರ ಜಗಳಾನೇ ಆಗತಿತ್ತು.
ಆಕಿ ಬಗಲಾಗ ಒಂದು ಕೂಸಿತ್ತು.

ಊರು ಬೆಳಕೋತ ಬಂದು ಮುಟ್ಟಿದ ಜಾಗಾ ಇದು,
ಸೋಲಾಪುರದವರು ಹದ್ದವಾಢ ಅಂತಾರ.
ಹದ್ದು ಬಂತು, ಮನಿಗೆ ನಂಬರ್ ಬಂತು, ಪಟ್ಟಿ ಬಂತು,
ನಾಕು ದಿನಕ್ಕೊಮ್ಮೆ ನಳ ಬಂತು.
ದವಾಖಾನಿ ಮಾತ್ರ ಬೋರ್ಡಿನ ತನಕ ಬಂದು ನಿಂತದ.
ಬೋರ್ಡಿನ ನೆರಳಿಗೆ ಯಾರದೋ ಆಡು ಮಲಗತದ.

ಜೋಳದ ಬುಟ್ಟಿ ಇಡೂ ಜಾಗಾದಾಗ ಕೂಸು ಇಟ್ಟಿವಿ.
ಕಿರಚಿತು, ಒದೀತು, ಕುಂಡಿಗೆ ಹಿಟ್ಟು ಬಡಕೊಂಡಿತು,
ಮುಳ್ಳು ನಿಲ್ಲಲೊಲ್ಲದು.
"ತಾಯಿ ಎತಗೊಂಡು ನಿಲ್ಲಲಿ, ಆಮ್ಯಾಲ ತಾಯಿದು ಕಳೀರಿ,"
ಅಂದ ಕಾಸಿಂಸಾಬ, ಮೊದಲ ಕಂಪೌಂಡರ್ ಇದ್ದಾಂವ.
ಇಬ್ಬರೂ ಕೂಡಿ ನಲವತ್ತೊಂದು.
ಕಳದ್ವಿ. ಕೂಸು ಆರೂವರಿ.
ಎಲ್ಲಾರೂ ಕೂಸಿಂದೇ ಮಾತಾಡತಿದ್ರು,
ನನ್ನ ಕಣ್ಣು ಕಳದ ಅಂಕಿ ಮ್ಯಾಲ ಸಿಕ್ಕಿತ್ತು:
ಮೂವತ್ನಾಕೂವರಿ.
ಅದಕ್ಕಿಂತ ಜಡ ಚೀಲ
ನಾನೊಬ್ಬಾಕಿನೇ ಎಳದು ಒಳಗ ಹಾಕತೀನಿ.

ಹೆಸರು ಅನಸೂಯ, ತೆಲುಗರ ಸೊಸಿ,
ದಿನಾ ಸಾವಿರ ಬೀಡಿ ಸುತ್ತಾಕಿ.
"ಕೆಮ್ಮು ಎಷ್ಟು ದಿನಾ ಆತವ್ವ?" ಕಾಸಿಂಸಾಬ ಕೇಳಿದ.
ಬೆರಳು ಮಡಚಕೋತ ಹೋದಳು, ಬೆರಳು ತೀರಿದವು.

ಅಂದಿನಿಂದ ನನ್ನ ವಹಿಯೊಳಗ ಎರಡು ಸಾಲು.
ಕೂಸಿಂದೊಂದು. ಕಳಿಯೂದೊಂದು.

ಇನ್ನ ಧೂಳಪ್ಪನ ಮಾತು.
ಮೈಂದರ್ಗಿ ಬಿಟ್ಟು ಮಗ್ಗಕ್ಕ ಬಂದು ತಿಂಗಳಾಗಿದ್ದಿಲ್ಲ,
ಹೊಟ್ಟಿ ಹಿಡಕೊಂಡು ಸಿವಿಲ್‌ಗೆ ಹೋದ.
ಹರೇದ ಡಾಕ್ಟರ್, ಬೆನ್ನಿಗೆ ನೂರು ಮಂದಿ ಪಾಳಿ,
ಹೊಟ್ಟಿ ಒತ್ತಿ ಕೇಳಿದ: "ದುಖ್ತಂಯ್ ಕಾ?"
ದೊಡ್ಡವರೆದುರು ಮುಖಾ ಕಿವಿಚಬಾರದಂತ
ಧೂಳಪ್ಪ ಹಲ್ಲು ಕಚ್ಚಿ ಕೈ ಮುಗಿದ:
"ದುಃಖ ಏನಿಲ್ರಿ ಸಾಹೇಬ್ರ, ದೇವರು ಛಲೋ ಇಟ್ಟಾನ."
ಎರಡು ಬಿಳಿ ಗುಳಿಗಿ ಕೊಟ್ಟು ಕಳಿಸಿದ್ರು.
ರಾತ್ರಿ ಎರಡಕ್ಕ ಒಳಗಿಂದು ಒಡೀತು.
ಬಾಬಾಲಾಲನ ರಿಕ್ಷಾ, ಮೂರು ಮಂದಿಯ ತೊಡಿ,
ಅಕ್ಕಲಕೋಟ ರಸ್ತೆದ ಒಂದೊಂದು ಕುಣಿಗೂ ಒಂದೊಂದು ಕೂಗು.

ಉಳದ. ಆದರ ಮುಂದಿನವಾ?

ಎರಡೂ ಭಾಷೆ ಬರೂ ಒಬ್ಬಾಕಿ ದಿನಾ ಸಿವಿಲ್‌ನಾಗ ನಿಲ್ಲಬೇಕು—
ಇಷ್ಟು ಮಾತಿಗೆ ಮೂರು ಗುರುವಾರ ಹೊಡದಾಟ.
"ನಿಂತಾಕಿಯ ಕೂಲಿ ನಿಮ್ಮಪ್ಪ ಕೊಡತಾನ?"
ಕಡೀಕ ಅನಸೂಯಾನೇ, ಬಾಯಿಗೆ ಸೆರಗು ಹಿಡಕೊಂಡು, ಅಂದಳು:
ಆಕಿಯ ಸಾವಿರ ನಾವು ಸುತ್ತೂಣು,
ಇಪ್ಪತ್ತು ಮನಿ, ಮನಿಗೆ ಐವತ್ತು.

ಹಂಗೇ ನಡದದ. ಸರಳ ಅಂತ ತಿಳೀಬ್ಯಾಡ್ರಿ.
ಶಾಂತಾಬಾಯಿಯ ಐವತ್ತು ಸಡಿಲ ಅಂತ
ಕಾರಖಾನ್ಯಾಗ ಕಟ್ಟು ತಿರುಗಿ ಒಗದ್ರು,
ಆ ಸಿಟ್ಟಿಗೆ ಇಬ್ಬರು ಇನ್ನೂ ಮಾತು ಬಿಟ್ಟಾರ.
ಕೆಮ್ಮಿನ ಎಲಿ ಸುತ್ತಿ ಕೆಮ್ಮಿನ ದವಾಖಾನಿಗೆ ಕಳಸತೀವಿ,
ಇದನ್ನ ಕಾಸಿಂಸಾಬ ಅಂದು ನಕ್ಕ. ನಾವು ನಗಲಿಲ್ಲ.
ಒಂದು ಕೂಸಿನ ಸಾಲು ನಡುವೇ ನಿಂತದ,
ಆ ಮಂದಿ ಭಿವಂಡಿಗೆ ಹೋದ್ರಂತ.
ಅನಸೂಯ ಈಗ ಮೂವತ್ತೇಳು.

ರವಿವಾರ ಬಿಟ್ಟು ಮಗ್ಗಕ್ಕ ಇನ್ನೊಂದು ಸುಟ್ಟಿ ಸಿಕ್ಕರ
ಧೂಳಪ್ಪನೂ ಪಾಳಿಯೊಳಗ ನಿಲ್ಲತಾನ.
ಮರಾಠಿ ಅಂವಗ ಬರೂದು ಒಂದೇ ಶಬ್ದ,
ಹಳ್ಳಿಯಿಂದ ಬಂದವರ ಕಿವ್ಯಾಗ ಅದನ್ನೇ ಹಾಕತಾನ:

"ದುಖ್ತಂಯ್ ಅಂದ್ರ ನೋವು, ತಮ್ಮಾ.
ಹೂಂ ಅನ್ನು.
ದುಃಖ ಇಲ್ಲಿ ಯಾರೂ ಕೇಳೂದಿಲ್ಲ.
ಅದಕ್ಕ ಗುರುವಾರ ಗಿರಣಿಗೆ ಬಾ."